ಲೀನ್ ಅಂದರೆ ಸ್ಟಾಕ್ ಇಡಲೇಬಾರದಾ?

ಪ್ರಶ್ನೆ:
ಪಂಪ್ ಕಾರ್ಖಾನೆಯೊಂದರಲ್ಲಿ ಖರೀದಿ ನೋಡಿಕೊಳ್ಳುತ್ತೇನೆ. ಕೋವಿಡ್ ಸಮಯದಲ್ಲಿ ಒಂದು ಸಣ್ಣ ರಬ್ಬರ್ ಸೀಲ್ ಬರಲಿಲ್ಲ ಅಂತ ಇಡೀ ಲೈನ್ ನಿಂತಿತ್ತು. ಈಗ ಮ್ಯಾನೇಜರ್ ಎಲ್ಲದಕ್ಕೂ ಮೂರು ತಿಂಗಳ ಸ್ಟಾಕ್ ಇಡಿ ಅನ್ನುತ್ತಾರೆ. ಹಾಗಾದರೆ ಇಷ್ಟು ವರ್ಷ ಮಾಡಿದ ಲೀನ್ (ಬೇಕಾದಾಗ ಬೇಕಾದಷ್ಟೇ ಮಾಲು ತರಿಸಿ, ಸ್ಟಾಕ್ ಕಡಿಮೆ ಇಡುವ ಪದ್ಧತಿ) ಸುಮ್ನೆನಾ?

ಉತ್ತರ 1:
ಖಂಡಿತ ಅಲ್ಲ. ಲೀನ್‌ಗೆ ಮೂಲವಾದ ಕಾರು ಕಂಪನಿ ಟೊಯೋಟಾವನ್ನೇ ನೋಡಿ. ಜಪಾನಿನ 2011ರ ಭೂಕಂಪದ ನಂತರ ಪೂರೈಕೆದಾರರಿಗೆ 2ರಿಂದ 6 ತಿಂಗಳಿಗೆ ಆಗುವಷ್ಟು ಚಿಪ್ ಇಟ್ಟುಕೊಳ್ಳಲು ಹೇಳಿತ್ತು. 2021ರ ಆರಂಭದಲ್ಲಿ ಬೇರೆ ಕಂಪನಿಗಳು ಚಿಪ್ ಸಿಗದೆ ಪರದಾಡಿದಾಗ ಅದಕ್ಕೆ ಅಷ್ಟು ಪೆಟ್ಟು ಬೀಳಲಿಲ್ಲ. ಬರಲು ಜಾಸ್ತಿ ದಿನ ಹಿಡಿಯುವ, ಒಬ್ಬರೇ ಕೊಡುವ ಮಾಲನ್ನು ಮಾತ್ರ ಹೆಚ್ಚು ಇಡಿ. ಬೋಲ್ಟು, ವಾಷರ್‌ಗೆಲ್ಲ ದುಡ್ಡು ಕಟ್ಟಿಹಾಕಬೇಡಿ.

ಉತ್ತರ 2:
ಸೀಲ್ ಕೊಡುವವರಿಗೆ ರಬ್ಬರ್ ಎಲ್ಲಿಂದ ಬರುತ್ತದೆ ಅಂತಲೂ ಕೇಳಿ. ಇಬ್ಬರು ಪೂರೈಕೆದಾರರಿದ್ದರೂ ಮೂಲ ಒಂದೇ ಆಗಿದ್ದರೆ ಏನು ಪ್ರಯೋಜನ, ಅಲ್ವಾ?

ಪ್ರಶ್ನೆ ಕೇಳಿದವರು:
ಸರಿ, ನಾಳೆಯೇ ಅವರಿಗೆ ಫೋನ್ ಮಾಡುತ್ತೇನೆ.