ಮಿಡತೆ, ಚಿಮ್ಮಂಡೆ, ಸೂರ್ಯನ ಕುದುರೆ: ಇವೆಲ್ಲ ಒಂದೇ ಗುಂಪಾ?

ಪ್ರಶ್ನೆ (ನವಲೂರು, ಧಾರವಾಡ)
ಮಳೆ ಹಿಡಿದಾಗಿನಿಂದ ರಾತ್ರಿ ಲೈಟ್ ಹಾಕಿದರೆ ಸಾಕು, ಕಟ್ಟೆ ತುಂಬ ಹುಳ. ನಿನ್ನೆ ಎಲೆಯಂಥ ಹಸಿರು ಮಿಡತೆ ಪರದೆ ಮೇಲೆ ಕೂತಿತ್ತು, ಮೀಸೆ ಮೈಗಿಂತ ಉದ್ದ. ಹೊಲದ ಮಿಡತೆಗೆ ಮೀಸೆ ಗಿಡ್ಡ ಅಲ್ವಾ? ಮಗಳ ಪ್ರಾಜೆಕ್ಟಿಗೆ ಚಿಮ್ಮಂಡೆ, ಸೂರ್ಯನ ಕುದುರೆ ಎಲ್ಲದರ ಫೋಟೋ ಒಂದೇ ಪುಟದಲ್ಲಿ ಅಂಟಿಸಬಹುದಾ?

ಉತ್ತರ 1
ಮೀಸೆ ನೋಡಿದ್ದು ಒಳ್ಳೆಯದಾಯ್ತು ಮೇಡಂ, ಅಲ್ಲೇ ಇರೋದು ವಿಷಯ. ಮಿಡತೆ, ಚಿಮ್ಮಂಡೆ ಎಲ್ಲ ಸೇರುವ ಆರ್ಥಾಪ್ಟೆರಾ ಅನ್ನೋ ಗಣದಲ್ಲಿ (ದೊಡ್ಡ ಗುಂಪು) ಎರಡು ಉಪಗಣ. ಉದ್ದ ಮೀಸೆಯವು ಎನ್ಸಿಫೆರಾ, ಗಿಡ್ಡ ಮೀಸೆಯವು ಸೀಲಿಫೆರಾ. ನಿಮ್ಮ ಪರದೆ ಮೇಲಿನದು ಹೆಸರಿಗಷ್ಟೇ ಮಿಡತೆ, ನೆಂಟಸ್ತನ ಚಿಮ್ಮಂಡೆ ಕಡೆಗೆ. ಇವುಗಳ ಕಿವಿ ಮುಂಗಾಲಲ್ಲಿ, ಮೊಣಕಾಲಿನ ಸ್ವಲ್ಪ ಕೆಳಗೆ. ಲೆನ್ಸ್ ಹಿಡಿದರೆ ಸಣ್ಣ ಸೀಳು ಕಾಣುತ್ತದೆ. ಹೊಲದ ಮಿಡತೆಗೆ ಕಿವಿ ಹೊಟ್ಟೆಯ ಪಕ್ಕ, ರೆಕ್ಕೆ ಬುಡದಲ್ಲಿ. ಚಿಮ್ಮಂಡೆ ರೆಕ್ಕೆಗೆ ರೆಕ್ಕೆ ಉಜ್ಜಿ ಸದ್ದು ಮಾಡುತ್ತದೆ, ಮಿಡತೆಗಳಲ್ಲಿ ಹಲವು ಹಿಂಗಾಲನ್ನು ರೆಕ್ಕೆಗೆ ಉಜ್ಜುತ್ತವೆ. ಉದ್ದ ಮೀಸೆಯ ಹೆಣ್ಣು ಹುಳದ ಬಾಲದಲ್ಲಿ ಕತ್ತಿಯಂಥದ್ದು ಕಂಡರೆ ಹೆದರಬೇಡಿ, ಅದು ಮೊಟ್ಟೆ ಇಡೋಕೆ.

ಉತ್ತರ 2
ಸೂರ್ಯನ ಕುದುರೆಯನ್ನು ಮಾತ್ರ ಆ ಪುಟದಿಂದ ತೆಗೆಯಿರಿ. ಅದರ ಬಳಗ ಜಿರಲೆ, ಗೆದ್ದಲು. 1758ರಲ್ಲಿ ಜೀವಿಗಳನ್ನು ಹೆಸರಿಟ್ಟು ವಿಂಗಡಿಸಿದ ವಿಜ್ಞಾನಿ ಲಿನೇಯಸ್ ಅದನ್ನೂ ಮಿಡತೆ, ಚಿಮ್ಮಂಡೆ ಜೊತೆಗೇ ಗ್ರಿಲ್ಲಸ್ ಅನ್ನೋ ಒಂದೇ ಕುಲಕ್ಕೆ ಸೇರಿಸಿದ್ದ, ಹಾಗಾಗಿ ಮಗಳು ಒಟ್ಟಿಗೆ ಅಂಟಿಸಿದರೆ ಬೈಯಬೇಡಿ.

ಉತ್ತರ 3 (ಗದಗ ಕಡೆಯವರು)
ನಮ್ಮ ಜೋಳದ ಮಿಡತೆಯನ್ನು ಮರೆತಿರಲ್ಲಾ! ಕೋಲ್ಮೇನಿಯಾ ಅಂತ, ಮೈಸೂರು ಸರ್ಕಾರದ ಕೀಟತಜ್ಞ ಲೆಸ್ಲಿ ಕೋಲ್ಮನ್ ಹೆಸರಲ್ಲಿ 1910ರಲ್ಲಿ ಇಟ್ಟದ್ದು. ಬಲಿತರೂ ಹಾರೋದಿಲ್ಲ, ನಡೆದೇ ಹೊಲದಿಂದ ಹೊಲಕ್ಕೆ ಬರುತ್ತದೆ. ಇದು ಪಕ್ಕಾ ಗಿಡ್ಡ ಮೀಸೆಯ ಕಡೆಯದು. ಮೊಟ್ಟೆ ಮಣ್ಣಲ್ಲಿ ಇಡುತ್ತದೆ, ಮುಂಗಾರು ಹಸಿಗೆ ಒಡೆಯುತ್ತವೆ. ಅದಕ್ಕೇ ಬೇಸಿಗೆಯಲ್ಲಿ ಆಳವಾಗಿ ಉತ್ತರೆ ಬಿಸಿಲಿಗೂ ಹಕ್ಕಿಗೂ ಸಿಕ್ಕಿ ಹಾಳಾಗುತ್ತವೆ, ಔಷಧಿಗೆ ಸುಮ್ನೆ ದುಡ್ಡು ಹಾಕೋದಕ್ಕಿಂತ ಇದು ಮೇಲು.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದಿದೆ. ಕುಂಡದ ಮಣ್ಣಲ್ಲಿ ಸಲಿಕೆಯಂಥ ಕೈ ಇರೋ ಕಂದು ಹುಳ ಸಿಕ್ಕಿತು, ಮೀಸೆ ಗಿಡ್ಡ. ಇದೂ ಮಿಡತೆ ಕಡೆಯದಾ?

ಉತ್ತರ 1
ಅಲ್ಲ ಮೇಡಂ, ಅದು ನೆಲ ಕೊರೆಯುವ ಚಿಮ್ಮಂಡೆ. ಮಣ್ಣಲ್ಲಿ ಓಡಾಡೋದಕ್ಕೆ ಉದ್ದ ಮೀಸೆ ಅಡ್ಡಿ ತಾನೇ. ಆದರೂ ಆ ಗಿಡ್ಡ ಮೀಸೆಯಲ್ಲೇ ಗೆಣ್ಣುಗಳು ಮಿಡತೆಗಿಂತ ಜಾಸ್ತಿ, ಕಿವಿಯೂ ಮುಂಗಾಲಲ್ಲೇ.