ಹಂಚಿನ ಹಬೆ ಹತ್ತಿ ಕೈ ಸುಟ್ಟಾದ, ನಳದಾಗೂ ಬಿಸಿನೀರೇ ಬರ್ಲಾಕತ್ತಾವ

ಪ್ರಶ್ನೆ (ಕಲಬುರಗಿ):
ರೊಟ್ಟಿ ಹಂಚಿಗೆ ಹಾಕಿ ಒದ್ದಿ ಅರಬಿಲೆ ನೀರು ಸವರೂ ಮುಂದ ಹಬೆ ಭರ್ರಂತ ಎದ್ದು ಎರಡು ಬೆರಳಿಗಿ ಹತ್ಯಾದ್ರಿ. ಗಾಬರಿಲೆ ಕೈ ಜಗ್ಗಿದಾಗ ಮಣಿಕಟ್ಟು ಹಂಚಿನ ಅಂಚಿಗಿ ತಾಗಿ ಕೆಂಪು ಪಟ್ಟಿ ಬಿದ್ದಾದ. ಹತ್ತು ನಿಮಿಷ ಆಯ್ತು, ಉರಿ ತಡಕೊಳ್ಳಾಕ ಆಗವಲ್ತು. ನಳ ಬಿಟ್ರ ಮಾಳಿಗಿ ಮ್ಯಾಲಿನ ಟಾಕಿ ನೀರು, ಮೇ ತಿಂಗಳ ಬಿಸಲಿಗಿ ಕಾದು ಬರ್ಲಾಕತ್ತಾವ. ಅತ್ತಿ ಟೂತ್‌ಪೇಸ್ಟ್ ಹಿಡಕೊಂಡು ನಿಂತಾರ, ಬಾಜೂ ಮನಿಯವರು ಬರ್ಫ ಇಡು ಅಂತಾರ. ಯಾವ್ದು ಮಾಡ್ಲಿ?

ಉತ್ತರ (ಸೇಡಂ, ದವಾಖಾನಿ ನರ್ಸ್):
ಎರಡೂ ಬ್ಯಾಡ ತಂಗಿ. ಮೊದಲ ಆ ಕೈಯಾಗಿನ ಉಂಗುರ, ಬಳಿ ತಗಿ. ಬಾವು ಬಂತಂದ್ರ ಹೊರಗ ಬರಂಗಿಲ್ಲ. ಕುಡಿಯೂ ನೀರಿನ ಮಣ್ಣಿನ ಗಡಿಗಿ ಅದ ಅಲ್ಲ, ಅದ್ರಾಗಿನ ನೀರು ಚರಗಿಲೆ ಸಣ್ಣ ಧಾರಿ ಮಾಡಿ 20 ನಿಮಿಷ ಬಿಡು. ಕೆಳಗ ಬೋಗಾಣಿ ಇಟ್ಟು ಅದೇ ನೀರು ತಿರುಗಿ ಸುರುವು, ಬೆಚ್ಚಗಾದ್ರ ಚೆಲ್ಲಿ ಹೊಸಾದು ತಗೋ. ಹತ್ತು ನಿಮಿಷ ಹೋಯ್ತು ಅಂತ ಬಿಡಬ್ಯಾಡ, ಸುಟ್ಟು ಮೂರು ತಾಸಿನೊಳಗ ಯಾವಾಗ ಮಾಡಿದ್ರೂ ಉಪಯೋಗ ಅದ. ಬರ್ಫಿನ ಥಂಡಿಗಿ ರಕ್ತನಾಳ ಬಿಗದು ಗಾಯ ಇನ್ನಾ ಆಳ ಆಗ್ತದ. ಪೇಸ್ಟ್ ಹಚ್ಚಕೊಂಡು ಬಂದವರ ಕೈ ನಾನೇ ತೊಳೀತೀನಿ. ಒಣಗಿ ಹಿಡದ ಪೇಸ್ಟಿನ ಜೋಡಿ ಚರ್ಮನೂ ಕಿತ್ತು ಬರ್ತದ, ಅವರು ಚೀರೂದು ಕೇಳಾಕ ಆಗಂಗಿಲ್ಲ.

ಪ್ರತಿಕ್ರಿಯೆ (ಬೀದರ):
ನಮ್ಮವ್ವ ತುಪ್ಪಕ್ಕ ಅರಿಶಿಣ ಕಲಿಸಿ ಹಚ್ತಿದ್ಳು. ಅದೂ ತಪ್ಪೇನ್ರಿ ಅಕ್ಕೋರೆ? ಆಕಿಗಿ ಈಗ ಸಕ್ಕರಿ ಕಾಯಿಲಿನೂ ಅದ.

ಉತ್ತರ (ಸೇಡಂ):
ಹೌದ್ರಿ, ಹಚ್ಚಬ್ಯಾಡ್ರಿ. ಜಿಡ್ಡು ಕಾವನ್ನ ಒಳಗೇ ಹಿಡೀತದ, ಅರಿಶಿಣದ ಬಣ್ಣದಾಗ ಗಾಯ ಎಷ್ಟು ಆಳ ಅದ ಅಂತ ಡಾಕ್ಟರಿಗಿ ಕಾಣಂಗಿಲ್ಲ. ಸಕ್ಕರಿ ಇದ್ದವರು, ಸಣ್ಣ ಹುಡುಗರು ಸುಟ್ಟಕೊಂಡ್ರ ಮನ್ಯಾಗ ಕೂಡಬಾರ್ದು. ಮುಖ ಸುಟ್ರ, ಕೈಯಾಗ ಬೊಬ್ಬಿ ಎದ್ರ, ಗಾಯ ಅವರ ಅಂಗೈಗಿಂತ ದೊಡ್ಡದಿದ್ರ ದವಾಖಾನಿಗಿ ಹೋಗಬೇಕು. ಸುಟ್ಟ ಜಾಗ ಬೆಳ್ಳಗಾಗಿ ನೋವೇ ಇಲ್ಲಂದ್ರ ಭಾಳ ಹುಷಾರ್ರಿ, ಅಲ್ಲಿ ನರಾನೂ ಸುಟ್ಟಿರ್ತಾವ.

ಪ್ರಶ್ನೆ ಕೇಳಿದವರು:
ಅಕ್ಕಾ, ಗಡಿಗಿ ಅರ್ಧ ಖಾಲಿ ಆಯ್ತು, ಉರಿ ಭಾಳ ಇಳದಾದ. ಉಂಗುರ ಸಾಬೂನ ಹಚ್ಚಿ ತಗದೆ. ಬೆರಳು ಬರೇ ಕೆಂಪಗ ಅದಾವ, ಮಣಿಕಟ್ಟಿನ ಮ್ಯಾಲ ಜ್ವಾಳದ ಕಾಳಿನಷ್ಟು ಒಂದು ಬೊಬ್ಬಿ ಎದ್ದಾದ. ಒಡೀಲಿ ಏನು?

ಉತ್ತರ (ಸೇಡಂ):
ಮುಟ್ಟಬ್ಯಾಡ. ಅದರ ಮ್ಯಾಲಿನ ಚರ್ಮನೇ ಅದಕ್ಕ ಪಟ್ಟಿ. ಒಗದ ತೆಳುವು ಅರಬಿ ಸಡಲ ಸುತ್ತಿ ಸಂಜಿಕ ತೋರಿಸಿ ಬಾ, ಧನುರ್ವಾಯು ಸೂಜಿ ಯಾವಾಗ ಆಗ್ಯಾದ ಅಂತನೂ ಹೇಳು.

ಪ್ರಶ್ನೆ ಕೇಳಿದವರು:
ಹೋಗ್ತೀನಕ್ಕಾ. ಉಳದ ರೊಟ್ಟಿ ಅತ್ತಿ ಬಡೀಲಾಕತ್ತಾರ, ಪೇಸ್ಟ್ ಬಚ್ಚಲದಾಗ ಇಟ್ಟು ಬಂದ್ರು.