ದೇವರು ಒಪ್ಪಿದ್ದರಿಂದ ಒಳ್ಳೆಯದೋ, ಒಳ್ಳೆಯದಾದ್ದರಿಂದ ದೇವರು ಒಪ್ಪುವನೋ?

ಪ್ರಶ್ನೆ (ಕೊಪ್ಪಳದಿಂದ)

ನಮ್ಮ ಓದುಬಳಗದಲ್ಲಿ ಈಚೆಗೆ ಪ್ಲೇಟೋ ಬರೆದ ‘ಯೂಥಿಫ್ರೋ’ ಸಂವಾದವನ್ನು ಚರ್ಚೆಗೆ ತೆಗೆದುಕೊಂಡಿದ್ದೆವು. ಕ್ರಿ.ಪೂ. 399ರ ಅಥೆನ್ಸ್. ದೈವದ್ರೋಹದ ಆರೋಪ ಹೊತ್ತು ನ್ಯಾಯಾಧಿಕಾರಿಯ ಕಚೇರಿಗೆ ಬಂದ ಸಾಕ್ರೆಟಿಸನಿಗೆ, ಹೆತ್ತ ತಂದೆಯ ಮೇಲೆಯೇ ಕೊಲೆಯ ಮೊಕದ್ದಮೆ ಹೂಡಲು ಬಂದ ಯೂಥಿಫ್ರೋ ಎದುರಾಗುತ್ತಾನೆ. ಕುಡಿದ ಅಮಲಿನಲ್ಲಿ ಮನೆಯ ಗುಲಾಮನನ್ನು ಕೊಂದ ಕೂಲಿಕಾರನೊಬ್ಬನ ಕೈಕಾಲು ಕಟ್ಟಿ ತಂದೆ ಗುಂಡಿಗೆ ತಳ್ಳಿದ್ದ. ಮುಂದೇನು ಮಾಡಬೇಕೆಂದು ಕೇಳಿಬರಲು ತಂದೆ ಕಳಿಸಿದ್ದವನು ಮರಳುವಷ್ಟರಲ್ಲಿ ಆ ಕೂಲಿಕಾರ ಹಸಿವು, ಚಳಿಗಳಿಂದ ಸತ್ತಿದ್ದ. ತಾನು ಮಾಡುತ್ತಿರುವುದು ದೇವತೆಗಳಿಗೆ ಪ್ರಿಯವಾದ ಪವಿತ್ರ ಕಾರ್ಯವೆಂದು ಯೂಥಿಫ್ರೋ ಹೇಳಿದಾಗ, ಸಾಕ್ರೆಟಿಸ್ ಮೇಲಿನ ಶೀರ್ಷಿಕೆಯ ಪ್ರಶ್ನೆಯನ್ನೇ ಕೇಳುತ್ತಾನೆ.

ದೇವರ ಒಪ್ಪಿಗೆಯೇ ಒಳಿತನ್ನು ಒಳಿತಾಗಿಸುವುದಾದರೆ, ಅವನು ಕ್ರೌರ್ಯವನ್ನು ಒಪ್ಪಿದ ದಿನ ಕ್ರೌರ್ಯವೂ ಒಳಿತಾಗಬೇಕು. ಒಳಿತಾದ್ದರಿಂದಲೇ ಅವನು ಒಪ್ಪುವುದಾದರೆ, ಅವನೂ ತಲೆಬಾಗುವ ಅಳತೆಯೊಂದು ಅವನಿಗಿಂತ ಮೇಲಿದೆ ಎಂದಾಗುತ್ತದೆ. ಭಕ್ತನಾದವನು ಇವೆರಡರಲ್ಲಿ ಯಾವುದನ್ನು ಒಪ್ಪಬೇಕು?

ಉತ್ತರ (ಮಾನ್ವಿಯಿಂದ)

ಮಾಧ್ವ ಮನೆತನದಲ್ಲಿ ಬೆಳೆದ ನನಗೆ ಈ ಇಕ್ಕಟ್ಟು ನಿಜವಾದದ್ದೆಂದು ತೋರುವುದಿಲ್ಲ. ನಮ್ಮ ಸಿದ್ಧಾಂತದಲ್ಲಿ ಹರಿಯು ಸ್ವತಂತ್ರನೂ ಹೌದು, ನಿರ್ದೋಷನೂ ಗುಣಪೂರ್ಣನೂ ಹೌದು. ಅವನು ಹೊರಗಿನ ಅಳತೆಯನ್ನು ನೋಡಿ ಒಪ್ಪುವುದಿಲ್ಲ, ಮನಬಂದಂತೆ ಒಪ್ಪುವುದೂ ಇಲ್ಲ. ಅವನ ಗುಣವೇ ಅಳತೆ. ಕ್ರೌರ್ಯವನ್ನು ಒಪ್ಪುವ ದೇವರನ್ನು ಊಹಿಸಿಕೊಳ್ಳುವುದೆಂದರೆ ದೇವರಲ್ಲದ ಬೇರೇನನ್ನೋ ಊಹಿಸಿಕೊಂಡಂತೆ.

ಉತ್ತರ (ಬಳ್ಳಾರಿಯಿಂದ)

ಮಾನ್ವಿಯವರ ಮಾತು ಗಂಭೀರವಾದದ್ದು. ಆದರೂ ಅದರಿಂದ ಪ್ರಶ್ನೆ ಒಂದು ಹೆಜ್ಜೆ ಹಿಂದಕ್ಕೆ ಸರಿಯುತ್ತದೆಯೇ ಹೊರತು ತೀರುವುದಿಲ್ಲ. ದಯೆ ಗುಣ, ಕ್ರೌರ್ಯ ದೋಷ ಎಂಬ ತಿಳಿವಳಿಕೆ ನಮಗೆ ಮೊದಲೇ ಇಲ್ಲದಿದ್ದರೆ, ಹರಿಯನ್ನು ಗುಣಪೂರ್ಣನೆಂದು ಹೊಗಳುವಾಗ ನಾವು ಏನನ್ನು ಹೊಗಳುತ್ತಿದ್ದೇವೆ?

ನಮ್ಮ ಜಿಲ್ಲೆಗಳಲ್ಲಿ ಈ ಪ್ರಶ್ನೆ ಕೇವಲ ಪಾಂಡಿತ್ಯದ್ದಲ್ಲ. ಬಳ್ಳಾರಿ, ಕೊಪ್ಪಳ, ರಾಯಚೂರುಗಳಲ್ಲಿ ತಲೆಮಾರುಗಳ ಕಾಲ ದಲಿತರ ಮನೆಯ ಎಳೆಯ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದ್ದು ದೇವಿಯ ಅಪ್ಪಣೆಯ ಹೆಸರಿನಲ್ಲಿ. ತಲೆಯಲ್ಲಿ ಜಡೆ ಗಂಟುಕಟ್ಟಿದರೆ ದೇವಿ ಕರೆದಳೆಂದರು, ಮನೆಯಲ್ಲಿ ಕಾಯಿಲೆ ಬಂದರೆ ದೇವಿ ಕೇಳುತ್ತಿದ್ದಾಳೆಂದರು. ಸರ್ಕಾರ 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆಯನ್ನು ತರಬೇಕಾಯಿತು. ಆಮೇಲೂ ಕದ್ದುಮುಚ್ಚಿ ಮುತ್ತು ಕಟ್ಟುವುದು ಒಮ್ಮೆಗೇ ನಿಲ್ಲಲಿಲ್ಲ. ಮಗಳಿಗೆ ಮುತ್ತು ಕಟ್ಟಿಸಿದ ತಾಯಿಯನ್ನು ನಾನು ನೀತಿಗೆಟ್ಟವಳೆನ್ನಲಾರೆ, ಏಕೆಂದರೆ ಬಡತನವೂ ಭಯವೂ ಅವಳ ಬೆನ್ನಿಗಿದ್ದವು, ನಂಬಿಕೆಯಂತೂ ಪ್ರಾಮಾಣಿಕವಾಗಿತ್ತು. ಆದರೆ ದೇವಿಯ ಒಪ್ಪಿಗೆಯೊಂದೇ ಒಳಿತಿನ ಆಧಾರವೆಂದು ನಂಬಿದವಳ ಕೈಯಲ್ಲಿ, ಆ ಒಪ್ಪಿಗೆಯನ್ನು ತಂದು ಹೇಳಿದವರ ಮಾತನ್ನು ಪರೀಕ್ಷಿಸುವ ಸಾಧನವೇ ಇರಲಿಲ್ಲ. ದೇವರ ಒಪ್ಪಿಗೆಯ ಸುದ್ದಿ ನಮ್ಮವರೆಗೆ ಬರುವುದು ಮನುಷ್ಯರ ಬಾಯಿಂದಲೇ, ಮತ್ತು ಆ ಮನುಷ್ಯರಿಗೆ ಅದರಲ್ಲಿ ಲಾಭವಿರಬಹುದು. ‘ಈ ಮಗುವಿಗೆ ನೋವಾಗುತ್ತದೆ, ಆದ್ದರಿಂದ ಇದು ದೇವಿಯ ಮಾತಾಗಿರಲಾರದು’ ಎನ್ನಬೇಕಾದರೆ, ನೋವು ಕೊಡುವುದು ತಪ್ಪೆಂಬುದು ಅಪ್ಪಣೆಗಿಂತ ಮೊದಲೇ ನಮಗೆ ಗೊತ್ತಿರಬೇಕು.

ಬಸವಣ್ಣನವರ ‘ಕಳಬೇಡ, ಕೊಲಬೇಡ’ ವಚನದ ಕ್ರಮವನ್ನು ಗಮನಿಸಿ. ಮೊದಲು ನಡತೆ ಬರುತ್ತದೆ, ಅದೇ ಶುದ್ಧಿ ಎನ್ನುತ್ತಾರೆ, ಕೊನೆಗೆ ಅದೇ ಕೂಡಲಸಂಗಮದೇವನನ್ನು ಒಲಿಸುವ ಪರಿ ಎನ್ನುತ್ತಾರೆ. ದೇವರ ಒಲವು ಇಲ್ಲಿ ನಡತೆಯನ್ನು ಹಿಂಬಾಲಿಸಿ ಬರುತ್ತದೆ. ಅದರಿಂದ ದೇವರು ಚಿಕ್ಕವನಾದನೆಂದು ಯಾವ ಶರಣರಿಗೂ ಅನ್ನಿಸಲಿಲ್ಲ.

ಉತ್ತರ (ರಾಯಚೂರಿನಿಂದ)

ನೀತಿ ಮತ್ತು ಪಾವಿತ್ರ್ಯಗಳನ್ನು ಬೇರೆಬೇರೆಯಾಗಿ ನೋಡಿದರೆ ಚರ್ಚೆ ತಿಳಿಯಾಗಬಹುದು. ಏಕಾದಶಿಯ ಉಪವಾಸ, ಪ್ರಾಣಪ್ರತಿಷ್ಠೆಯಾದ ಮೂರ್ತಿ, ಹರಕೆಯ ಕಾಯಿ, ಇವುಗಳ ಪಾವಿತ್ರ್ಯ ದೇವರು ಸ್ವೀಕರಿಸಿದನೆಂಬುದರ ಮೇಲೆಯೇ ನಿಂತಿದೆ; ದ್ವಾದಶಿಯ ದಿನ ಉಂಡವನನ್ನು ಯಾರೂ ಪಾಪಿಯೆನ್ನುವುದಿಲ್ಲ. ಹಸಿದವನ ಅನ್ನವನ್ನು ಕಸಿಯುವುದು ಹಾಗಲ್ಲ, ಅದು ಯಾವ ತಿಥಿಯಲ್ಲಿಯೂ ತಪ್ಪೇ. ಒಂದು ಕಾಲಕ್ಕೆ ಕೊಪಣವೆಂಬ ಹೆಸರಿನಿಂದ ಜೈನರ ಮಹಾತೀರ್ಥವಾಗಿದ್ದ ಕೊಪ್ಪಳದವರಿಗೆ ಇದು ಹೊಸದೆನಿಸಬಾರದು: ಅಪ್ಪಣೆ ಕೊಡುವ ಸೃಷ್ಟಿಕರ್ತನನ್ನು ಒಪ್ಪದೆಯೇ ಜೈನರು ಅಹಿಂಸೆಯನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಿದರು.

ಉತ್ತರ (ಮಾನ್ವಿಯಿಂದ)

ಬಳ್ಳಾರಿಯವರು ಹೇಳಿದ ಪರೀಕ್ಷೆಯ ಅಗತ್ಯವನ್ನು ಒಪ್ಪುತ್ತೇನೆ. ಗುಣವನ್ನು ನಾವು ಮೊದಲು ಲೋಕದಲ್ಲಿ, ತಾಯಿಯ ಮಡಿಲಲ್ಲಿ, ನೆರೆಯವರ ನಡುವೆ ಗುರುತಿಸಲು ಕಲಿಯುತ್ತೇವೆ ಎಂಬುದೂ ನಿಜ. ಆದರೆ ಮೊದಲು ತಿಳಿದದ್ದೇ ಮೂಲವಾಗಬೇಕಾಗಿಲ್ಲ: ತುಂಗಭದ್ರೆಯ ನೀರನ್ನು ನಾವು ಮೊದಲು ಕಾಣುವುದು ಕಾಲುವೆಯಲ್ಲಿ, ಹೊಳೆ ಹುಟ್ಟಿದ್ದು ಪಶ್ಚಿಮ ಘಟ್ಟದಲ್ಲಿ. ಒಳಿತನ್ನು ತಿಳಿಯಲು ಅಪ್ಪಣೆ ಬೇಕಿಲ್ಲ ಎಂಬುದನ್ನು ನೀವು ತೋರಿಸಿದ್ದೀರಿ. ಒಳಿತು ಇರಲು ದೇವರು ಬೇಕಿಲ್ಲ ಎಂಬುದನ್ನು ಇನ್ನೂ ತೋರಿಸಿಲ್ಲ.